ಶಾಸನಪಾಠಗಳ ಕಡತಗಳೂ ಸಿ ಭಾಷೆಯ ಕ್ರಮವಿಧಿಗಳೂ: ದೋಷಗಳನ್ನು ಪತ್ತೆಹಚ್ಚುವ ಬಗೆ

ಕಡತವೆಂಬ ಶಬ್ದವನ್ನು ಕಚೇರಿಗಳಲ್ಲಿ ಕಾಗದದ ಕಟ್ಟಿಗೂ, ಗಣಕಯಂತ್ರದ ಪರಿಭಾಷೆಯಲ್ಲಿ ಫೈಲಿಗೂ ಬಳಸುತ್ತಿರುವುದು ಸರ್ವವಿದಿತ. ಆದರೆ ಆ ಶಬ್ದವು ಮೊದಲು ಸೂಚಿಸುತ್ತಿದ್ದ ವಸ್ತುವನ್ನು ಕಣ್ಣಾರೆ ಕಂಡವರು ಇಂದು ವಿರಳ. ಹತ್ತಿಯ ಬಟ್ಟೆಗೆ ಇದ್ದಲಿನ ಪುಡಿಯನ್ನೂ ಹುಣಿಸೆಬೀಜದ ಅಂಟನ್ನೂ ಲೇಪಿಸಿ, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಆ ಕರಿಯ ಪುಸ್ತಕವನ್ನು ವರ್ತಕರೂ ಶಾನುಭೋಗರೂ ಮಠಗಳವರೂ ಲೆಕ್ಕಪತ್ರಗಳಿಗಾಗಿ ಇಟ್ಟುಕೊಳ್ಳುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಒದಗಿಸಿರುವ ಸಾಮಗ್ರಿಯ ಬೆಲೆಯನ್ನು ಅಭ್ಯಾಸಿಗಳು ಬಲ್ಲರು. ಈ ಕಡತಕ್ಕೆ ಒಂದು ವಿಶೇಷ ಗುಣವುಂಟು: ಬರೆದುದನ್ನು ಒರೆಸಿ, ಅದೇ ಮಡಿಕೆಯಲ್ಲಿ ಮತ್ತೆ ಬರೆಯಬಹುದು. ಶಿಲೆಗೆ ಈ ಸೌಕರ್ಯವಿಲ್ಲ. ಅದರಿಂದೊದಗುವ ಅಪಾಯವೂ ಇಲ್ಲ. ಶಿಲೆಯ ಮೇಲಿದ್ದುದನ್ನು ನಾವೀಗ ಮರಳಿ ಕಡತಕ್ಕೆ ಇಳಿಸುತ್ತಿದ್ದೇವೆ. ಆದುದರಿಂದ ಆ ಹಳೆಯ ಗುಣದೊಡನೆ ಹಳೆಯ ಅಪಾಯವೂ ನಮ್ಮ ಪಾಲಿಗೆ ಬಂದಿದೆ. ಪ್ರಸ್ತುತ ಲೇಖನದ ವಿಷಯ ಅದೇ.

ಬಳ್ಳಾರಿ ಜಿಲ್ಲೆಯು 1953ನೆಯ ಇಸವಿ ಅಕ್ಟೋಬರ್ 1ರವರೆಗೆ ಮದರಾಸು ಆಡಳಿತಕ್ಕೆ ಸೇರಿದ್ದ ಕಾರಣ, ಮೈಸೂರು ಸೀಮೆಯ ಶಾಸನಗಳಿಗೆ ಬಿ. ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳು ಒದಗಿಸಿದ ಆಶ್ರಯ ಇಲ್ಲಿಯ ಶಾಸನಗಳಿಗೆ ಆಗ ದೊರೆಯಲಿಲ್ಲ. ಮದರಾಸು ಪ್ರಾಂತದ ಕನ್ನಡ ಶಾಸನಗಳನ್ನೊಳಗೊಂಡ ದಕ್ಷಿಣ ಭಾರತ ಶಾಸನಮಾಲೆಯ 9ನೆಯ ಸಂಪುಟದ ಮೊದಲ ಭಾಗ ಪ್ರಕಟವಾದುದು 1939ರಲ್ಲಿ. ಕುರುಗೋಡಿನ ಸಿಂದರು ಕಲ್ಯಾಣದ ಚಾಲುಕ್ಯರ ಸಾಮಂತರಾಗಿ ಬಿಡಿಸಿದ ದಾನಗಳು, ಸಿರುಗುಪ್ಪ ತಾಲ್ಲೂಕಿನ ನಿಟ್ಟೂರಿನ ಬಂಡೆಯ ಮೇಲಣ ಅಶೋಕನ ಶಾಸನ, ತೆಕ್ಕಲಕೋಟೆಯ ಪರಿಸರದ ಬರಹಗಳು, ವಿಜಯನಗರ ಕಾಲದ ಅಸಂಖ್ಯ ದತ್ತಿಗಳು, ಇವೆಲ್ಲವನ್ನೂ ಒಂದೆಡೆ ಹುಡುಕಿ ನೋಡುವಂತಾಗಬೇಕಾದರೆ ಪಾಠಗಳು ಗಣಕದೊಳಗೆ ಬರಬೇಕು. ಒಂದು ಶಾಸನಕ್ಕೆ ಒಂದು ಕಡತದಂತೆ ಪಾಠವನ್ನು ಬೆರಳಚ್ಚಿಸಿ, ಊರು, ಅರಸ, ಶಕವರ್ಷ, ದಾನದ ಸ್ವರೂಪ ಮುಂತಾದವುಗಳ ಪಟ್ಟಿಯನ್ನು ತಯಾರಿಸುವ ಕೆಲಸಕ್ಕೆ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಸಿ ಭಾಷೆಯನ್ನೇ ಬಳಸುತ್ತಾರೆ.

ಇದಕ್ಕಿಂತ ಸುಲಭವಾದ ಭಾಷೆಗಳಿರುವಾಗ ಸಿ ಏಕೆಂದು ಕೇಳಬಹುದು. ಪದವಿ ತರಗತಿಗಳ ಗಣಕಪಾಠಗಳಲ್ಲಿ ಮೊದಲು ಪರಿಚಯವಾಗುವ ಭಾಷೆ ಬಹುತೇಕ ಅದೇ ಎಂಬುದು ಒಂದು ಉತ್ತರ. ಮತ್ತೊಂದು, ನಮ್ಮ ದೃಷ್ಟಿಯಲ್ಲಿ ಹೆಚ್ಚು ಮುಖ್ಯವಾದುದು: 1970ರ ದಶಕದ ಆರಂಭದಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ಅವರು ರೂಪಿಸಿದ ಈ ಭಾಷೆಯು ಬಳಸುವವನಿಂದ ಏನನ್ನೂ ಮರೆಮಾಡುವುದಿಲ್ಲ. ಕಡತವೆಂದರೆ ಬೈಟುಗಳ ಸಾಲು. ಅದಕ್ಕಿಂತ ಹೆಚ್ಚೇನೂ ಅಲ್ಲ ಎಂಬ ಸತ್ಯವನ್ನು ಅದು ಪದೇಪದೇ ನೆನಪಿಸುತ್ತದೆ. ದೋಷ ಒದಗಿದಾಗ ಮಾತ್ರ ಅದು ಮೌನವಾಗಿರುತ್ತದೆ, ಕೇಳಿದವರಿಗಷ್ಟೇ ಹೇಳುತ್ತದೆ.

ಈ ಮೌನವೇ ನಮ್ಮ ಚಿಂತೆಗೆ ಕಾರಣ. ಬ್ಯಾಂಕಿನ ಕ್ರಮವಿಧಿಯಲ್ಲಿ ಒಂದು ದಾಖಲೆ ಬಿಟ್ಟುಹೋದರೆ ಮರುದಿನವೇ ಗಿರಾಕಿಯೊಬ್ಬರು ಬಂದು ಕೇಳುತ್ತಾರೆ. ಶಾಸನಗಳ ಪಟ್ಟಿಯಲ್ಲಿ ಒಂದು ದಾನವು ಎರಡು ಸಲ ಎಣಿಕೆಗೆ ಬಂದರೆ, ಅಥವಾ ಕೊನೆಯ ಮೂರು ಸಾಲುಗಳು ಕಾಣೆಯಾದರೆ, ಆಕ್ಷೇಪಿಸಲು ಸಿಂದರ ರಾಚಮಲ್ಲನು ಬರುವುದಿಲ್ಲ. ಆ ಸಂಖ್ಯೆ ಪ್ರಬಂಧಕ್ಕೆ ಹೋಗುತ್ತದೆ, ಪ್ರಬಂಧದಿಂದ ಪಠ್ಯಪುಸ್ತಕಕ್ಕೆ ಹೋಗುತ್ತದೆ. ಇಷ್ಟರ ನಡುವೆ ಮೂಲಶಿಲೆ ಬಿರುಕು ಬಿಟ್ಟಿರಬಹುದು, ಕಲ್ಲುಗಣಿಗಾರಿಕೆಗೋ ಮನೆಯ ತಳಪಾಯಕ್ಕೋ ಬಲಿಯಾಗಿರಬಹುದು. ಆದುದರಿಂದ ಕಡತಗಳನ್ನು ನಿರ್ವಹಿಸುವಾಗ ಒದಗುವ ತೊಡಕುಗಳನ್ನು ಪತ್ತೆಹಚ್ಚುವ ವಿದ್ಯೆಯು ಇತಿಹಾಸದ ಅಭ್ಯಾಸಿಗೆ ಹೊರಗಿನದಲ್ಲ. ಪಾಠಪರಿಷ್ಕರಣದ ಒಂದು ಅಂಗವೆಂದೇ ನಾವು ಭಾವಿಸುತ್ತೇವೆ. ಮುಂದೆ ಬರುವ ಆದೇಶಗಳ ಹೆಸರುಗಳು ಮೂಲದಲ್ಲಿ ರೋಮನ್ ಲಿಪಿಯವು. ಇಲ್ಲಿ ಅವುಗಳನ್ನು ಉಚ್ಚಾರಕ್ಕನುಗುಣವಾಗಿ ಕನ್ನಡದಲ್ಲಿ ಬರೆದಿದ್ದೇವೆ.

ಮೊದಲನೆಯ ತೊಡಕು ಕಡತ ತೆರೆಯದಿರುವುದು. ಕಡತವನ್ನು ತೆರೆಯುವ ಫಂಕ್ಷನ್ ಎಫ್‌ಓಪನ್. ಅದು ಯಶಸ್ವಿಯಾದರೆ ಕಡತದ ಕಡೆಗೆ ತೋರಿಸುವ ಒಂದು ಪಾಯಿಂಟರನ್ನೂ, ವಿಫಲವಾದರೆ ನಲ್ ಎಂಬ ಶೂನ್ಯಸೂಚಕವನ್ನೂ ಹಿಂದಿರುಗಿಸುತ್ತದೆ. ಈ ನಲ್ಲನ್ನು ಪರೀಕ್ಷಿಸದೆ ಮುಂದಿನ ಓದುವಿಕೆಗೆ ಹೊರಟರೆ ಕ್ರಮವಿಧಿಯು ಅಲ್ಲಿಯೇ ಕುಸಿದು ಬೀಳುತ್ತದೆ. ಕಡತ ತೆರೆಯಲಿಲ್ಲವೆಂಬ ಸಂದೇಶವನ್ನಷ್ಟೇ ಮುದ್ರಿಸಿ ನಿಲ್ಲಿಸುವುದೂ ಅರ್ಧ ಕೆಲಸವೇ. ವೈಫಲ್ಯದ ಕಾರಣವನ್ನು ಎರ್‌ನೋ ಎಂಬ ಚರದಲ್ಲಿ ಒಂದು ಸಂಖ್ಯೆಯಾಗಿ ದಾಖಲಿಸುವ ವ್ಯವಸ್ಥೆಯುಂಟು. ಪಿಎರರ್ ಎಂಬ ಫಂಕ್ಷನ್ನನ್ನು ಕರೆದರೆ ಅದೇ ಕಾರಣ ಮಾತಿನಲ್ಲಿ ಬರುತ್ತದೆ. ಲಿನಕ್ಸ್ ವ್ಯವಸ್ಥೆಯಲ್ಲಿ 2 ಎಂದರೆ ಆ ಹೆಸರಿನ ಕಡತವಿಲ್ಲ, 13 ಎಂದರೆ ಅನುಮತಿಯಿಲ್ಲ, 24 ಎಂದರೆ ಒಂದೇ ಕ್ರಮವಿಧಿಯು ಮಿತಿಮೀರಿ ಕಡತಗಳನ್ನು ತೆರೆದಿಟ್ಟಿದೆ. ಈ ಮೂರಕ್ಕೂ ಚಿಕಿತ್ಸೆ ಬೇರೆಬೇರೆ. ಪಿಎರರ್ ಅನ್ನು ಎಫ್‌ಓಪನ್ನಿನ ಬೆನ್ನಲ್ಲೇ ಕರೆಯಬೇಕು. ನಡುವೆ ಬೇರೊಂದು ಆದೇಶ ನುಗ್ಗಿದರೆ ಎರ್‌ನೋದ ಮೌಲ್ಯ ಬದಲಾಗಬಹುದು.

ಕಡತವಿಲ್ಲವೆಂಬ ಉತ್ತರ ಬಂದಾಗ, ಕಡತವು ಕಣ್ಣೆದುರಿಗೇ ಇದೆಯಲ್ಲ ಎಂದು ವಿದ್ಯಾರ್ಥಿಗಳು ವಾದಿಸುವುದುಂಟು. ಇದಕ್ಕೆ ಕಾರಣಗಳು ಹಲವು. ಹಾದಿಯನ್ನು ಪೂರ್ಣವಾಗಿ ಕೊಡದೆ ಹೆಸರನ್ನಷ್ಟೇ ಕೊಟ್ಟಾಗ ಕ್ರಮವಿಧಿಯು ತಾನು ನಡೆಯುತ್ತಿರುವ ಫೋಲ್ಡರಿನಲ್ಲಿ ಹುಡುಕುತ್ತದೆಯೇ ಹೊರತು ಮೂಲಪಾಠವಿರುವ ಫೋಲ್ಡರಿನಲ್ಲಲ್ಲ; ಸಂಪಾದಕ ತಂತ್ರಾಂಶದ ಒಳಗಿನಿಂದ ನಡೆಸಿದಾಗ ಇವೆರಡೂ ಬೇರೆಯಾಗಿರುವುದು ಸಾಮಾನ್ಯ. ವಿಂಡೋಸ್ ವ್ಯವಸ್ಥೆಯು ಹೆಸರಿನ ಬಾಲವನ್ನು ಮರೆಮಾಡುವ ಕಾರಣ, ಟಿಎಕ್ಸ್‌ಟಿ ಎಂಬ ಬಾಲವು ಎರಡು ಸಲ ಅಂಟಿಕೊಂಡಿದ್ದರೂ ಕಣ್ಣಿಗೆ ಒಂದೇ ಕಾಣುತ್ತದೆ. ನಗರದ ಹೆಸರಿನ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಂದು ಬದಲಾದುದರಿಂದ, ಹಳೆಯ ಕಡತಗಳು ಬೆಳ್ಳಾರಿ ಎಂಬಂತೆಯೂ ಹೊಸವು ಬಳ್ಳಾರಿ ಎಂಬಂತೆಯೂ ರೋಮನ್ನಿನಲ್ಲಿ ಹೆಸರಿಡಲ್ಪಟ್ಟಿರುವುದು ಇನ್ನೊಂದು. ಲಿನಕ್ಸಿನಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳ ಭೇದವೂ ಗಣನೆಗೆ ಬರುತ್ತದೆ.

ಇವೆಲ್ಲಕ್ಕಿಂತ ವಿನೋದಕರವಾದ ಕಾರಣವೊಂದಿದೆ. ವಿಂಡೋಸಿನಲ್ಲಿ ಫೋಲ್ಡರುಗಳ ಹೆಸರುಗಳ ನಡುವೆ ಹಿಂದಕ್ಕೆ ಬಾಗಿದ ಗೆರೆ, ಎಂದರೆ ಬ್ಯಾಕ್‌ಸ್ಲ್ಯಾಶ್ ಬರುತ್ತದೆ. ಸಿ ಭಾಷೆಯಲ್ಲಿಯಾದರೋ ಆ ಗೆರೆಗೆ ಪ್ರತ್ಯೇಕ ಅರ್ಥವಿದೆ. ಅದು ತನ್ನ ಮುಂದಿನ ಅಕ್ಷರದೊಡನೆ ಕೂಡಿ ಒಂದು ಸಂಕೇತವಾಗುತ್ತದೆ. ಡಿ ಡ್ರೈವಿನಲ್ಲಿ ನಮ್ಮ ಜಿಲ್ಲೆಯ ಊರುಗಳ ಹೆಸರಿನ ಫೋಲ್ಡರುಗಳಿವೆಯೆಂದು ಇಟ್ಟುಕೊಳ್ಳೋಣ. ನಿಟ್ಟೂರಿನ ರೋಮನ್ ಎನ್ ಅಕ್ಷರವು ಗೆರೆಯೊಡನೆ ಸೇರಿ ಹೊಸ ಸಾಲಿನ ಸಂಕೇತವಾಗುತ್ತದೆ. ತೆಕ್ಕಲಕೋಟೆಯ ಟಿ ಅಕ್ಷರ ಟ್ಯಾಬ್ ಆಗುತ್ತದೆ. ಬಳ್ಳಾರಿಯ ಬಿ ಅಕ್ಷರ ಒಂದು ಹೆಜ್ಜೆ ಹಿಂದಕ್ಕೆ ಸರಿಯುವ ಸಂಕೇತವಾಗುತ್ತದೆ. ಅಶೋಕನ ಇನ್ನೊಂದು ಶಾಸನವಿರುವ ಉದೇಗೊಳದ ಯು ಅಕ್ಷರವಂತೂ ತನ್ನ ಮುಂದೆ ನಾಲ್ಕು ಷೋಡಶಮಾನದ ಅಂಕಿಗಳನ್ನು ಬಯಸುತ್ತದೆ; ಅವು ಸಿಗದೆ ಕಂಪೈಲರ್ ಮುಂದುವರಿಯಲೊಲ್ಲದು. ಈ ನಾಲ್ಕರಲ್ಲಿ ಉದೇಗೊಳವೊಂದೇ ದೋಷವನ್ನು ಎದುರಿಗೆ ನಿಂತು ಹೇಳುವಂಥದು. ಕುರುಗೋಡಿನ ಕೆ ಅಕ್ಷರಕ್ಕೂ ಸಿರುಗುಪ್ಪದ ಎಸ್ ಅಕ್ಷರಕ್ಕೂ ಅಂತಹ ಸಂಕೇತವಿಲ್ಲವಾದುದರಿಂದ, ಕಂಪೈಲರುಗಳು ಸಾಮಾನ್ಯವಾಗಿ ಒಂದು ಎಚ್ಚರಿಕೆ ಕೊಟ್ಟು ಗೆರೆಯನ್ನು ತೆಗೆದುಹಾಕುತ್ತವೆ. ಆಗ ಉಳಿಯುವ ಹಾದಿಯು ಡಿ ಡ್ರೈವಿನ ಆಗಿನ ಫೋಲ್ಡರನ್ನು ಸೂಚಿಸುವುದರಿಂದ ಒಮ್ಮೊಮ್ಮೆ ಕಡತ ತೆರೆಯುತ್ತದೆ, ಒಮ್ಮೊಮ್ಮೆ ತೆರೆಯುವುದಿಲ್ಲ. ಪರಿಹಾರ ಸುಲಭ: ಗೆರೆಯನ್ನು ಎರಡು ಸಲ ಬರೆಯಬೇಕು, ಇಲ್ಲವೆ ಮುಂದಕ್ಕೆ ಬಾಗಿದ ಗೆರೆಯನ್ನು ಬಳಸಬೇಕು, ವಿಂಡೋಸ್ ಎರಡನ್ನೂ ಒಪ್ಪುತ್ತದೆ.

ಕಡತದ ಹೆಸರನ್ನು ಕನ್ನಡದಲ್ಲಿಯೇ ಇಟ್ಟರೆ ಈ ತೊಂದರೆ ತಪ್ಪೀತೆಂದು ತೋರಬಹುದು. ಲಿನಕ್ಸಿನಲ್ಲಿ ಅದಕ್ಕೆ ಅಡ್ಡಿಯಿಲ್ಲ. ವಿಂಡೋಸಿನ ಎಫ್‌ಓಪನ್ ಮಾತ್ರ ಹಳೆಯ ಅಕ್ಷರಪಟ್ಟಿಗಳನ್ನು ಅನುಸರಿಸುತ್ತದೆ. ಅಂತಹ ಪಟ್ಟಿ ಕನ್ನಡಕ್ಕೆ ಆ ವ್ಯವಸ್ಥೆಯಲ್ಲಿ ಇಲ್ಲ. ಅಲ್ಲಿ ವಿಶಾಲಾಕ್ಷರಗಳಿಗಾಗಿ ಇರುವ ಪ್ರತ್ಯೇಕ ಫಂಕ್ಷನ್ನನ್ನು ಬಳಸಬೇಕಾಗುತ್ತದೆ. ಎರಡೂ ಬಗೆಯ ಯಂತ್ರಗಳಲ್ಲಿ ನಡೆಯಬೇಕಾದ ಕ್ರಮವಿಧಿಗೆ ರೋಮನ್ ಹೆಸರುಗಳೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಅಭಿಮಾನದ ಪ್ರಶ್ನೆಯನ್ನು ಕಡತದ ಒಳಗೆ ಪರಿಹರಿಸಿಕೊಳ್ಳಬಹುದು.

ಮೇಲೆ ಹೇಳಿದ 24ನೆಯ ಕಾರಣವು ಶಾಸನಸಂಗ್ರಹಗಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಒಂದು ಶಾಸನಕ್ಕೆ ಒಂದು ಕಡತವಿರುವಲ್ಲಿ, ಪ್ರತಿಯೊಂದನ್ನೂ ತೆರೆದು ಓದಿ ಮುಚ್ಚುವುದನ್ನು ಮರೆತ ಕ್ರಮವಿಧಿಯು ಕುರುಗೋಡಿನ ಶಾಸನಗಳಿಗೆ ನಿರಾತಂಕವಾಗಿ ನಡೆದು, ಇಡೀ ಜಿಲ್ಲೆಯ ಸಂಗ್ರಹವನ್ನು ಕೊಟ್ಟಾಗ ನಡುವೆ ನಿಂತುಬಿಡುತ್ತದೆ. ಲಿನಕ್ಸಿನಲ್ಲಿ ಒಂದು ಕ್ರಮವಿಧಿಗೆ ಸಾಮಾನ್ಯವಾಗಿ ದೊರೆಯುವ ಮಿತಿ 1024. ಅದರಲ್ಲಿ ಮೂರು, ಒಳಬರುವ ಮತ್ತು ಹೊರಹೋಗುವ ಸಾಲುಗಳಿಗೂ ದೋಷಸಂದೇಶಗಳ ಸಾಲಿಗೂ ಮೊದಲೇ ಮೀಸಲಾಗಿರುವುದರಿಂದ, ಬೇರೆ ಯಾವುದೂ ತೆರೆದಿರದಿದ್ದರೆ 1021 ಕಡತಗಳಾದ ಮೇಲೆ ಮುಂದಿನದು ತೆರೆಯುವುದಿಲ್ಲ. ನಿಲುಗಡೆಯು ಪ್ರತಿಸಲವೂ ಅದೇ ಸಂಖ್ಯೆಯಲ್ಲಿ, ಆದರೆ ಕಡತಗಳ ಕ್ರಮ ಬದಲಾಯಿಸಿದಾಗ ಬೇರೆ ಶಾಸನದಲ್ಲಿ ಸಂಭವಿಸಿದರೆ, ದೋಷ ಆ ಶಾಸನದ್ದಲ್ಲ, ಮುಚ್ಚದಿರುವ ಎಫ್‌ಕ್ಲೋಸಿನದು ಎಂದು ನಿರ್ಧರಿಸಬಹುದು.

ಎರಡನೆಯ ತೊಡಕು ಕಡತ ತೆರೆಯುವ ವಿಧಾನಕ್ಕೆ ಸಂಬಂಧಿಸಿದ್ದು. ಹಾನಿಯ ದೃಷ್ಟಿಯಿಂದ ಇದಕ್ಕೆ ಸಮಾನವಾದುದಿಲ್ಲ. ಓದುವುದಕ್ಕೆ ಆರ್, ಬರೆಯುವುದಕ್ಕೆ ಡಬ್ಲ್ಯೂ, ಕೊನೆಗೆ ಸೇರಿಸುವುದಕ್ಕೆ ಎ ಎಂಬ ಮೂರು ಅಕ್ಷರಗಳಿಂದ ವಿಧಾನವನ್ನು ಸೂಚಿಸುತ್ತೇವೆ. ಇವುಗಳಲ್ಲಿ ಡಬ್ಲ್ಯೂ ಎಂಬುದು ನಮ್ಮ ಹಳೆಯ ಕಡತವನ್ನು ಒದ್ದೆಬಟ್ಟೆಯಿಂದ ಒರೆಸಿದಂತೆ. ಹೊಸತನ್ನು ಬರೆದಾಗ ಹಳೆಯದು ಹೋಗುತ್ತದೆಂದು ಬಹುಮಂದಿ ತಿಳಿದಿದ್ದಾರೆ. ವಾಸ್ತವವಾಗಿ ತೆರೆದ ಕ್ಷಣದಲ್ಲಿಯೇ ಹಳೆಯದು ಹೋಗುತ್ತದೆ. ಒಂದಕ್ಷರವನ್ನೂ ಬರೆಯುವ ಮೊದಲು ಕ್ರಮವಿಧಿಯು ಕುಸಿದರೆ, ಉಳಿಯುವುದು ಶೂನ್ಯ ಬೈಟುಗಳ ಕಡತ. ಪಾಠದಲ್ಲಿ ಒಂದು ಶಬ್ದವನ್ನು ತಿದ್ದಹೊರಟವರು ಹಳೆಯ ಪಾಠವನ್ನು ಓದುವುದಕ್ಕೆ ಮೊದಲೇ ಅದೇ ಕಡತವನ್ನು ಡಬ್ಲ್ಯೂ ವಿಧಾನದಲ್ಲಿ ತೆರೆದರೆ ಫಲವೇನೆಂಬುದನ್ನು ಹೇಳಬೇಕಾಗಿಲ್ಲ. ಅಸ್ತಿತ್ವದಲ್ಲಿರುವ ಕಡತವನ್ನು ಮುಟ್ಟದೆ, ಹೊಸದನ್ನು ಮಾತ್ರ ಸೃಷ್ಟಿಸುವ ಸೌಲಭ್ಯವನ್ನು 2011ರ ಸಿ ಪ್ರಮಾಣಪಾಠವು ಒದಗಿಸಿದೆ: ಡಬ್ಲ್ಯೂ ಅಕ್ಷರದ ಜತೆಗೆ ಎಕ್ಸ್ ಅಕ್ಷರವನ್ನು ಸೇರಿಸಿದರೆ, ಆ ಹೆಸರಿನ ಕಡತ ಮೊದಲೇ ಇದ್ದಲ್ಲಿ ಎಫ್‌ಓಪನ್ ವಿಫಲವಾಗುತ್ತದೆ. ಇಂತಹ ವೈಫಲ್ಯವನ್ನು ನಾವು ಸ್ವಾಗತಿಸಬೇಕು. ಎ ಎಂಬ ವಿಧಾನ ನಿರಪಾಯವೆಂದು ಕಂಡರೂ ಅದಕ್ಕೂ ಒಂದು ದೋಷವುಂಟು. ಕ್ರಮವಿಧಿಯನ್ನು ಎರಡು ಸಲ ನಡೆಸಿದರೆ ಪಟ್ಟಿಯಲ್ಲಿ ಪ್ರತಿಯೊಂದು ದಾನವೂ ಎರಡೆರಡು ಸಲ ದಾಖಲಾಗುತ್ತದೆ.

ಓದುವಿಕೆಯ ತೊಡಕುಗಳಿಗೆ ಬರೋಣ. ಹಸ್ತಪ್ರತಿಗಳನ್ನು ಅಭ್ಯಾಸ ಮಾಡಿದವರಿಗೆ ಲಿಪಿಕಾರರ ಎರಡು ದೋಷಗಳು ಪರಿಚಿತ: ಒಂದು ಸಾಲನ್ನು ಎರಡು ಸಲ ಬರೆಯುವುದು, ಒಂದು ಸಾಲನ್ನು ಬಿಟ್ಟುಬಿಡುವುದು. ಗಣಕವೆಂಬ ಲಿಪಿಕಾರನಿಂದಲೂ ಇವೆರಡೇ ಸಂಭವಿಸುತ್ತವೆ. ಆದರೆ ಇವನದು ನಿದ್ದೆಗಣ್ಣಿನ ಪ್ರಮಾದವಲ್ಲ, ನಮ್ಮ ಆದೇಶದ ಯಥಾವತ್ ಪಾಲನೆ. ಎಫ್‌ಇಒಎಫ್ ಎಂಬ ಫಂಕ್ಷನ್ ಕಡತದ ಕೊನೆ ಬಂದಿತೇ ಎಂಬುದನ್ನು ತಿಳಿಸುತ್ತದೆ. ಕೊನೆ ಬರುವವರೆಗೆ ಓದು, ಓದಿದುದನ್ನು ಪಟ್ಟಿಗೆ ಸೇರಿಸು ಎಂದು ಬರೆದ ಕ್ರಮವಿಧಿಗಳು ಅನೇಕ ಪಠ್ಯಪುಸ್ತಕಗಳಲ್ಲಿ ಕಂಡುಬರುತ್ತವೆ. ಇದರ ಫಲವಾಗಿ ಕೊನೆಯ ದಾಖಲೆಯು ಎರಡು ಸಲ ಎಣಿಕೆಗೆ ಬರುತ್ತದೆ. ಅದೆಂತೆಂದರೆ, ಎಫ್‌ಇಒಎಫ್ ಮುಂದೆ ಏನಿದೆಯೆಂದು ಇಣುಕಿ ನೋಡಿ ಹೇಳುವುದಿಲ್ಲ. ಹಿಂದೆ ನಡೆದ ಓದುವ ಪ್ರಯತ್ನವು ಕೊನೆಯನ್ನು ಮುಟ್ಟಿ ವಿಫಲವಾಗಿದ್ದರೆ ಅದನ್ನಷ್ಟೇ ವರದಿ ಮಾಡುತ್ತದೆ. ಕೊನೆಯ ಸಾಲನ್ನು ಹೊಸಸಾಲಿನ ಸಂಕೇತದೊಡನೆ ಓದಿ ಮುಗಿಸಿದಾಗ ಅಂತಹ ವೈಫಲ್ಯ ಇನ್ನೂ ಆಗಿಲ್ಲ. ಆದುದರಿಂದ ಇನ್ನೊಂದು ಸುತ್ತು ನಡೆಯುತ್ತದೆ, ಓದು ವಿಫಲವಾಗುತ್ತದೆ, ಬಫರಿನಲ್ಲಿ ಉಳಿದಿದ್ದ ಹಳೆಯ ಸಾಲೇ ಮತ್ತೆ ಪಟ್ಟಿಗೆ ಹೋಗುತ್ತದೆ. ಊರೂರಿನ ಕಡತಗಳನ್ನು ಬೇರೆಬೇರೆಯಾಗಿ ಎಣಿಸಿ ಕೂಡಿಸಿದಾಗ ಪ್ರತಿ ಊರಿಗೂ ಒಂದು ದಾನ ಹೆಚ್ಚಾಗಿ, ಜಿಲ್ಲೆಯ ಮೊತ್ತದಲ್ಲಿ ಊರುಗಳೆಷ್ಟೋ ಅಷ್ಟು ಸುಳ್ಳು ದಾನಗಳು ಸೇರುತ್ತವೆ. ಸರಿಯಾದ ಮಾರ್ಗವೆಂದರೆ ಓದುವ ಫಂಕ್ಷನ್ ಹಿಂದಿರುಗಿಸುವ ಮೌಲ್ಯವನ್ನೇ ಪರೀಕ್ಷಿಸುವುದು: ಎಫ್‌ಗೆಟ್ಸ್ ನಲ್ಲನ್ನು ಕೊಟ್ಟಾಗ ನಿಲ್ಲಬೇಕು. ನಿಂತ ಮೇಲೆ ಕೊನೆ ಬಂದುದರಿಂದ ನಿಂತಿತೋ, ಡಿಸ್ಕಿನ ದೋಷದಿಂದ ನಿಂತಿತೋ ಎಂದು ತಿಳಿಯಲು ಎಫ್‌ಇಒಎಫ್ ಮತ್ತು ಎಫ್‌ಎರರ್ ಫಂಕ್ಷನ್ನುಗಳನ್ನು ಕೇಳಬಹುದು. ಎಫ್‌ಇಒಎಫ್‌ನ ಯೋಗ್ಯ ಸ್ಥಾನ ಅದು.

ಬಿಟ್ಟುಹೋಗುವ ದೋಷಕ್ಕೆ ಎರಡು ಮೂಲಗಳುಂಟು. ಒಂದೊಂದೇ ಬೈಟನ್ನು ಓದುವ ಎಫ್‌ಗೆಟ್‌ಸಿ ಹಿಂದಿರುಗಿಸುವುದು ಇಂಟ್ ಮಾದರಿಯ ಸಂಖ್ಯೆ. ಅದನ್ನು ಕ್ಯಾರ್ ಮಾದರಿಯ ಚರದಲ್ಲಿ ಹಿಡಿದರೆ 255 ಎಂಬ ಬೈಟಿಗೂ ಕೊನೆಯ ಸಂಕೇತಕ್ಕೂ ಭೇದ ಉಳಿಯದೆ ಕಡತ ನಡುವೆಯೇ ಮುಗಿದಂತಾಗಬಹುದು. ಕ್ಯಾರ್ ಮಾದರಿಯು ಋಣಸಂಖ್ಯೆಗಳನ್ನು ಹಿಡಿಯದ ಯಂತ್ರಗಳಲ್ಲಿಯಾದರೆ ಕೊನೆಯೇ ಬರುವುದಿಲ್ಲ. ಎರಡನೆಯದು ವಿಂಡೋಸಿಗೆ ಸೇರಿದ್ದು. ಅಲ್ಲಿ ಪಠ್ಯವಿಧಾನದಲ್ಲಿ ತೆರೆದ ಕಡತದಲ್ಲಿ 26 ಎಂಬ ಬೈಟು ಬಂದೊಡನೆ ಅದನ್ನೇ ಕೊನೆಯೆಂದು ತಿಳಿಯಲಾಗುತ್ತದೆ. ಶಾಸನದ ಪಡಿಯಚ್ಚಿನ ಛಾಯಾಚಿತ್ರವನ್ನು ನಕಲು ಮಾಡುವ ಕ್ರಮವಿಧಿಯಲ್ಲಿ ಬಿ ಎಂಬ ಅಕ್ಷರವನ್ನು ಸೇರಿಸಿ ದ್ವಿಮಾನ ವಿಧಾನದಲ್ಲಿ ತೆರೆಯದಿದ್ದರೆ, ಚಿತ್ರದ ಮೇಲಿನ ಒಂದು ಪಟ್ಟಿಯಷ್ಟೇ ಉಳಿಯುವುದಕ್ಕೆ ಇದೇ ಕಾರಣ.

ಈವರೆಗೆ ಹೇಳಿದುದು ಯಾವ ಭಾಷೆಯ ಪಾಠಕ್ಕೂ ಅನ್ವಯಿಸುವಂಥದು. ಕನ್ನಡದ ಪಾಠಕ್ಕೆ ವಿಶಿಷ್ಟವಾದ ಸಂಗತಿಗಳು ಬೇರೆಯಿವೆ. 1991ರ ಯೂನಿಕೋಡಿನ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಸ್ಥಾನವಿದೆ. ಹಳಗನ್ನಡದ ಱ ಮತ್ತು ೞ ಅಕ್ಷರಗಳೂ ಅದರಲ್ಲಿವೆ. ಆದರೆ ೞಕಾರಕ್ಕೆ ಅಲ್ಲಿ ಫಕಾರವೆಂದು ತಪ್ಪು ಹೆಸರು ಬಿದ್ದು, ಹೆಸರುಗಳನ್ನು ಬದಲಾಯಿಸಬಾರದೆಂಬ ನಿಯಮದಿಂದ ಅದು ಹಾಗೆಯೇ ಉಳಿದುಕೊಂಡು, ಸರಿಯಾದ ಹೆಸರನ್ನು ಪರ್ಯಾಯವಾಗಿ ಸೇರಿಸಬೇಕಾಯಿತು. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ವರ್ಣಸಂಕೇತಕ್ಕೂ ಮೂರು ಬೈಟುಗಳು ಬೇಕು. ಬಳ್ಳಾರಿ ಎಂಬ ಪದದಲ್ಲಿ ಕಣ್ಣಿಗೆ ಮೂರು ಅಕ್ಷರಗಳು; ಯಂತ್ರಕ್ಕೆ ಬಕಾರ, ಎರಡು ಳಕಾರ, ಅವುಗಳ ನಡುವಣ ವಿರಾಮ, ದೀರ್ಘದ ಚಿಹ್ನೆ, ರಕಾರ, ಇಕಾರದ ಗುಡಿಸು, ಹೀಗೆ ಏಳು ಸಂಕೇತಗಳು, 21 ಬೈಟುಗಳು. ಕುರುಗೋಡು 24 ಬೈಟುಗಳು, ಸಿರುಗುಪ್ಪ 27. ಊರಿನ ಹೆಸರಿಗೆ 20 ಸ್ಥಾನಗಳು ಧಾರಾಳವೆಂದು ಇಂಗ್ಲಿಷಿನ ಅಭ್ಯಾಸದಿಂದ ಬಫರನ್ನು ಅಳೆದುಕೊಟ್ಟವರಿಗೆ ಈ ಮೂರು ಊರುಗಳಲ್ಲಿ ಒಂದೂ ಹಿಡಿಸುವುದಿಲ್ಲ. ಎಫ್‌ಸ್ಕ್ಯಾನ್‌ಎಫ್ ಮಿತಿಯಿಲ್ಲದೆ ಓದಿದರೆ ಹೆಸರು ಉಕ್ಕಿ ಪಕ್ಕದ ಚರಗಳ ಮೇಲೆ ಹರಿಯುತ್ತದೆ. ಎಫ್‌ಗೆಟ್ಸ್ ಮಿತಿಯನ್ನು ಪಾಲಿಸುತ್ತದೆ; ಆದರೆ ಮಿತಿ ತುಂಬಿದಲ್ಲಿಯೇ ಕತ್ತರಿಸುತ್ತದೆ, ಮೂರು ಬೈಟುಗಳ ನಡುವೆ ಎಂಬುದನ್ನೂ ನೋಡುವುದಿಲ್ಲ. ಮುದ್ರಿಸಿದಾಗ ಸಾಲಿನ ತುದಿಯಲ್ಲಿ ಪ್ರಶ್ನಾರ್ಥಕವಿರುವ ಕರಿಯ ವಜ್ರಾಕೃತಿ ಕಂಡರೆ, ಶಾಸನದ ಅಕ್ಷರ ಅಳಿಸಿಹೋಗಿದೆಯೆಂದು ಭಾವಿಸಬಾರದು. ಅಕ್ಷರ ಎರಡು ತುಂಡಾಗಿದೆ. ಬಫರನ್ನು ಹಿಗ್ಗಿಸುವುದು ಮೊದಲ ಪರಿಹಾರ. ಸಾಲಿನ ಕೊನೆಯಲ್ಲಿ ಹೊಸಸಾಲಿನ ಸಂಕೇತವಿಲ್ಲದಿದ್ದರೆ ಸಾಲು ಇನ್ನೂ ಮುಗಿದಿಲ್ಲವೆಂದು ತಿಳಿದು ಮುಂದಿನ ತುಂಡನ್ನು ಜೋಡಿಸುವುದು ಪೂರ್ಣ ಪರಿಹಾರ. ಗದ್ಯಶಾಸನಗಳನ್ನು ಒಂದೇ ಸಾಲಿನಲ್ಲಿ ಬೆರಳಚ್ಚಿಸುವ ರೂಢಿಯಿರುವಲ್ಲಿ ಇದು ಅನಿವಾರ್ಯ.

ಕುರುಗೋಡಿನ ಹೆಸರಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗೋ ಎಂಬಲ್ಲಿಯ ಓಕಾರವನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎಕಾರ, ಊಕಾರ, ದೀರ್ಘಚಿಹ್ನೆ ಎಂಬ ಮೂರು ಸಂಕೇತಗಳ ಕೂಟವಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಬೈಟುಗಳಲ್ಲಿ ಮೊದಲನೆಯದು 24, ಎರಡನೆಯದು 30. ಎರಡು ಪದಗಳನ್ನು ಹೋಲಿಸುವ ಎಸ್‌ಟಿಆರ್‌ಸಿಎಂಪಿ ಎಂಬ ಫಂಕ್ಷನ್ನಿಗೆ ಕಣ್ಣಿಲ್ಲ. ಅದು ಇವುಗಳನ್ನು ಎರಡು ಬೇರೆ ಊರುಗಳೆಂದು ತೀರ್ಮಾನಿಸುತ್ತದೆ. ಬೇರೆಬೇರೆ ಕೀಲಿಮಣೆಗಳಿಂದ ಬಂದ ಪಾಠಗಳನ್ನು ಒಂದುಗೂಡಿಸುವಾಗ ಮೊದಲು ಎಲ್ಲವನ್ನೂ ಒಂದೇ ರೂಪಕ್ಕೆ ತಂದುಕೊಳ್ಳಬೇಕು. ಅರ್ಧಾಕ್ಷರಗಳನ್ನು ಬಿಡಿಸಿ ತೋರಿಸಲು ನಡುವೆ ಸೇರುವ ಅದೃಶ್ಯ ಸಂಕೇತಗಳೂ ಇದೇ ಬಗೆಯ ಭ್ರಾಂತಿಯನ್ನುಂಟುಮಾಡುತ್ತವೆ.

ಕಾಣದ ಬೈಟುಗಳಲ್ಲಿ ಇನ್ನೆರಡನ್ನು ಹೇಳಿ ಮುಂದುವರಿಯುತ್ತೇವೆ. ಪಟ್ಟಿಯಲ್ಲಿ ಮೊದಲನೆಯ ದಾಖಲೆಯೊಂದೇ ಹುಡುಕಾಟಕ್ಕೆ ಸಿಗದೆ ಉಳಿದವೆಲ್ಲ ಸಿಗುತ್ತಿದ್ದರೆ, ಹಳೆಯ ನೋಟ್‌ಪ್ಯಾಡ್ ಕಡತದ ತಲೆಯಲ್ಲಿ ಇಟ್ಟ 239, 187, 191 ಎಂಬ ಮೂರು ಬೈಟುಗಳ ಗುರುತನ್ನು ಶಂಕಿಸಬೇಕು. ಯಾವ ದಾಖಲೆಯೂ ಸಿಗದಿದ್ದರೆ ಸಾಲಿನ ಬಾಲವನ್ನು ಶಂಕಿಸಬೇಕು: ವಿಂಡೋಸಿನಲ್ಲಿ ಸಾಲು 13, 10 ಎಂಬ ಎರಡು ಬೈಟುಗಳಿಂದ ಮುಗಿಯುತ್ತದೆ, ಲಿನಕ್ಸಿನಲ್ಲಿ 10ರಿಂದ ಮಾತ್ರ. ಅಲ್ಲಿಯ ಕಡತವನ್ನು ಇಲ್ಲಿ ಓದಿದಾಗ ಊರಿನ ಹೆಸರಿನ ಬಾಲಕ್ಕೆ 13 ಅಂಟಿಕೊಂಡಿರುತ್ತದೆ. ಈ ಎರಡೂ ಸರಿಯಿದ್ದು ಹುಡುಕಾಟ ನಿಷ್ಫಲವಾದರೆ, ಕಡತವು ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಸಂಕೇತದಲ್ಲಿದೆಯೇ ಎಂದು ನೋಡಬೇಕು. ಯುಟಿಎಫ್-8 ಕನ್ನಡವಾದರೆ ಪ್ರತಿ ಮೂರು ಬೈಟುಗಳಲ್ಲಿ ಮೊದಲನೆಯದು 224, ಎರಡನೆಯದು 178 ಅಥವಾ 179. ಹೆಕ್ಸ್‌ಡಂಪ್‌ನಂತಹ ಉಪಕರಣದಿಂದ ಮೊದಲ ಸಾಲನ್ನು ಬೈಟುಗಳಾಗಿ ಮುದ್ರಿಸಿ ನೋಡಿದರೆ ಐದು ನಿಮಿಷದಲ್ಲಿ ಇತ್ಯರ್ಥವಾಗುವ ಪ್ರಶ್ನೆಗೆ ವಾರಗಟ್ಟಲೆ ಕ್ರಮವಿಧಿಯನ್ನು ತಿದ್ದುವುದು ವ್ಯರ್ಥ ಶ್ರಮ. ಶಿಲೆಯನ್ನು ನೋಡದೆ ಮುದ್ರಿತ ಪಾಠವನ್ನೇ ತಿದ್ದುವವರೂ ನಮ್ಮಲ್ಲಿಲ್ಲದಿಲ್ಲ.

ಶಕವರ್ಷಗಳ ವಿಷಯ ಬೇರೆಯೇ. ಶಾಸನಪಾಠದಲ್ಲಿ ವರ್ಷವು ಕನ್ನಡ ಅಂಕಿಗಳಲ್ಲಿರುವುದು ಸಹಜ. ಎಫ್‌ಸ್ಕ್ಯಾನ್‌ಎಫ್ ಪೂರ್ಣಾಂಕವನ್ನು ಓದಲು ಹೊರಟಾಗ ೧೦೯೫ ಎಂಬುದು ಅದಕ್ಕೆ ಸಂಖ್ಯೆಯಾಗಿ ಕಾಣುವುದಿಲ್ಲ. ಅದು ಏನನ್ನೂ ಓದದೆ ಶೂನ್ಯವನ್ನು ಹಿಂದಿರುಗಿಸಿ, ಆ ಬೈಟನ್ನು ಅಲ್ಲಿಯೇ ಬಿಡುತ್ತದೆ. ಕೊನೆಯ ಸಂಕೇತ ಬರುವವರೆಗೆ ಓದೆಂದು ಬರೆದಿದ್ದರೆ ಆ ಸಂಕೇತ ಎಂದಿಗೂ ಬರುವುದಿಲ್ಲ; ಕ್ರಮವಿಧಿಯು ಅದೇ ಅಂಕಿಯ ಮುಂದೆ ನಿಂತು ಅನಂತಕಾಲ ಸುತ್ತುತ್ತಿರುತ್ತದೆ. ಹಿಂದಿರುಗಿದ ಮೌಲ್ಯವು 1 ಆಗಿದೆಯೇ ಎಂದು ಪರೀಕ್ಷಿಸುವುದು ನಿಲ್ಲಿಸುವ ಉಪಾಯ. ಓದುವ ಉಪಾಯವೆಂದರೆ ಸಾಲನ್ನು ಪದವಾಗಿ ತೆಗೆದುಕೊಂಡು, 224, 179ರ ಮುಂದೆ 166ರಿಂದ 175ರೊಳಗೆ ಬರುವ ಮೂರನೆಯ ಬೈಟಿನಿಂದ 166ನ್ನು ಕಳೆಯುವುದು, ಉಳಿಯುವುದೇ ಅಂಕಿ. ಅದರಿಂದ ದೊರೆತ 1095ಕ್ಕೆ 78ನ್ನು ಕೂಡಿಸಿ ಕ್ರಿಸ್ತಶಕ 1173 ಎಂದು ಪಡೆಯುವುದು ನಮ್ಮ ಅಭ್ಯಾಸಿಗಳಿಗೆ ಹೊಸತಲ್ಲ.

ಬರೆಯುವಿಕೆಯಲ್ಲಿ ಗಮನಿಸತಕ್ಕದ್ದು ಬಫರ್. ಬರೆಯೆಂದು ಹೇಳಿದೊಡನೆ ಪಾಠವು ಡಿಸ್ಕಿಗೆ ಹೋಗುವುದಿಲ್ಲ. ಮೆಮೊರಿಯ ಒಂದು ಭಾಗದಲ್ಲಿ ಕೂಡಿಕೊಂಡು, ಅದು ತುಂಬಿದಾಗ ಅಥವಾ ಎಫ್‌ಕ್ಲೋಸ್ ಇಲ್ಲವೆ ಎಫ್‌ಫ್ಲಶ್ ಕರೆದಾಗ ಹೋಗುತ್ತದೆ. ನಡುವೆ ಕುಸಿದ ಕ್ರಮವಿಧಿಯ ಕಡತದಲ್ಲಿ ಕೊನೆಯ ಕೆಲವು ಸಾಲುಗಳಿಲ್ಲದಿರುವುದು ಇದರಿಂದ. ಡಿಸ್ಕು ತುಂಬಿದ್ದರೆ ಬರೆಯುವ ಫಂಕ್ಷನ್ನುಗಳೆಲ್ಲ ಯಶಸ್ಸನ್ನೇ ವರದಿಮಾಡಿ, ಎಫ್‌ಕ್ಲೋಸ್ ಮಾತ್ರ ವಿಫಲವಾಗಬಹುದು. ಆದುದರಿಂದ ಮುಚ್ಚುವ ಆದೇಶದ ಮೌಲ್ಯವನ್ನೂ ಪರೀಕ್ಷಿಸಬೇಕು. ಓದು ಬರೆಹಗಳೆರಡಕ್ಕೂ ತೆರೆದ ಕಡತದಲ್ಲಿ ಓದಿದ ಮೇಲೆ ಬರೆಯುವ ಮುನ್ನ ಎಫ್‌ಸೀಕ್ ಕರೆಯಬೇಕೆಂಬ ನಿಯಮವನ್ನು ಮೀರಿದರೆ ಸಾಲುಗಳು ಎಲ್ಲೆಲ್ಲಿಯೋ ಬೀಳುತ್ತವೆ. ರಚನೆಗಳನ್ನು ಎಫ್‌ರೈಟ್ ಮೂಲಕ ನೇರವಾಗಿ ಇಳಿಸುವ ಪದ್ಧತಿಯನ್ನು ನಾವು ಒಪ್ಪುವುದಿಲ್ಲ. ಒಂದು ಬೈಟಿನ ಗುರುತೂ ನಾಲ್ಕು ಬೈಟುಗಳ ವರ್ಷವೂ ಸೇರಿದ ರಚನೆಯು ಸಾಮಾನ್ಯವಾಗಿ ಐದಲ್ಲ, ಎಂಟು ಬೈಟುಗಳನ್ನು ಆಕ್ರಮಿಸುತ್ತದೆ. ನಡುವಿನ ತುಂಬುಬೈಟುಗಳ ಸಂಖ್ಯೆ ಯಂತ್ರದಿಂದ ಯಂತ್ರಕ್ಕೆ ಬದಲಾಗಬಹುದು. ಇಪ್ಪತ್ತು ವರ್ಷಗಳ ಬಳಿಕ ಮತ್ತೊಬ್ಬರು ಓದಬೇಕಾದ ಪಟ್ಟಿಯನ್ನು ಟ್ಯಾಬಿನಿಂದ ಬೇರ್ಪಡಿಸಿದ ಸರಳ ಪಠ್ಯವಾಗಿಯೇ ಇಡತಕ್ಕದ್ದು.

ಇನ್ನು ತಿದ್ದುಪಡಿಯ ಕ್ರಮ. ಮೂಲಪಾಠದ ಕಡತವನ್ನು ಆರ್ ವಿಧಾನದಲ್ಲಿ ತೆರೆದು, ತಿದ್ದಿದ ಪಾಠವನ್ನು ಬೇರೆ ಹೆಸರಿನ ಕಡತಕ್ಕೆ ಎಕ್ಸ್ ಸೇರಿಸಿದ ಡಬ್ಲ್ಯೂ ವಿಧಾನದಲ್ಲಿ ಬರೆಯಬೇಕು. ಎರಡನ್ನೂ ಮುಚ್ಚಿ, ಮುಚ್ಚಿದುದು ಯಶಸ್ವಿಯಾಯಿತೆಂದು ಖಚಿತಪಡಿಸಿಕೊಂಡು, ಸಾಲುಗಳ ಸಂಖ್ಯೆಯನ್ನು ಹೋಲಿಸಿದ ಬಳಿಕವೇ ರಿನೇಮ್ ಫಂಕ್ಷನ್ನಿನಿಂದ ಹೊಸದಕ್ಕೆ ಹಳೆಯ ಹೆಸರನ್ನು ಕೊಡಬೇಕು. ಲಿನಕ್ಸಿನಲ್ಲಿ ಈ ಬದಲಾವಣೆ ಒಂದೇ ಹೆಜ್ಜೆಯಲ್ಲಿ ನಡೆಯುತ್ತದೆ. ವಿಂಡೋಸಿನ ರಿನೇಮ್ ಆ ಹೆಸರಿನ ಕಡತ ಇರುವಾಗ ವಿಫಲವಾಗುತ್ತದೆ. ಅದಕ್ಕಾಗಿ ಹಳೆಯದನ್ನು ಮೊದಲು ಅಳಿಸಿಬಿಡುವ ಕ್ರಮವಿಧಿಗಳನ್ನು ನಾವು ಕಂಡಿದ್ದೇವೆ. ಅಳಿಸುವುದರ ಬದಲು ಹಳೆಯ ಕಡತಕ್ಕೆ ಆ ದಿನದ ದಿನಾಂಕ ಸೇರಿಸಿದ ಮತ್ತೊಂದು ಹೆಸರನ್ನು ಕೊಟ್ಟು, ಅನಂತರ ಹೊಸದನ್ನು ಅದರ ಸ್ಥಾನಕ್ಕೆ ತರಬೇಕು. ಆ ಎರಡು ಹೆಜ್ಜೆಗಳ ನಡುವೆ ವಿದ್ಯುತ್ತು ನಿಂತರೂ ಎರಡು ಪಾಠಗಳೂ ಡಿಸ್ಕಿನಲ್ಲಿ ಉಳಿದಿರುತ್ತವೆ.